ಚರ್ಚಿನ ನೆಲದ ಮೇಲೊಂದು ನಕ್ಷೆ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಹಳೆಯ ಮೆಥಡಿಸ್ಟ್ ಚರ್ಚೊಂದರ ಒಳಗೆ ನೆಲದ ತುಂಬ ಒಂದು ನಕ್ಷೆ ಹರಡಿದೆ. ಅದರ ಬೀದಿಗಳ ಪಕ್ಕದಲ್ಲಿ ಜನ ತಮ್ಮ ಕೈಯಾರೆ ಹೆಸರು ಬರೆದಿದ್ದಾರೆ. ನಮ್ಮ ಮನೆ ಇಲ್ಲಿತ್ತು ಎಂದು ಗುರುತು ಹಾಕಿದ್ದಾರೆ. ಇದು ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ.

ಡಿಸ್ಟ್ರಿಕ್ಟ್ ಸಿಕ್ಸ್ ಬಂದರಿಗೆ ಹತ್ತಿರದ ಬಡಾವಣೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳು, ಮುಸ್ಲಿಮರು, ಯಹೂದಿಗಳು, ಭಾರತದಿಂದ ಹೋದವರು ಅಕ್ಕಪಕ್ಕದಲ್ಲೇ ಬದುಕಿದ್ದರು. ಕಪ್ಪು ಜನರನ್ನು 1901ರಲ್ಲೇ ಪ್ಲೇಗಿನ ನೆಪದಲ್ಲಿ ಅಲ್ಲಿಂದ ಎತ್ತಂಗಡಿ ಮಾಡಿದ್ದರು. ಉಳಿದವರಿಗೆ ಕುತ್ತು ತಂದದ್ದು 1950ರ ಗ್ರೂಪ್ ಏರಿಯಾಸ್ ಕಾಯ್ದೆ. ಯಾವ ಬಣ್ಣದವರು ಎಲ್ಲಿ ವಾಸಿಸಬೇಕು ಅಂತ ಸರ್ಕಾರವೇ ಹೇಳುವ ಕಾನೂನು ಅದು. 1966ರ ಫೆಬ್ರವರಿ 11ರಂದು ಈ ಜಾಗ ಬಿಳಿಯರಿಗೆ ಮಾತ್ರ ಎಂದು ಘೋಷಣೆಯಾಯಿತು. 60,000ಕ್ಕೂ ಜಾಸ್ತಿ ಜನರನ್ನು ಊರಾಚೆಯ ಕೇಪ್ ಫ್ಲಾಟ್ಸ್ ಎಂಬ ಬಯಲಿಗೆ ಅಟ್ಟಿದರು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು, ಚರ್ಚು ಮಸೀದಿಗಳು ಮಾತ್ರ ಉಳಿದವು. ನೆರೆಹೊರೆ ಅನ್ನೋದು ಒಮ್ಮೆ ಚದುರಿದರೆ ಮತ್ತೆ ಕೂಡುವುದು ಎಷ್ಟು ಕಷ್ಟ, ಅಲ್ವಾ?

ಆ ಜಾಗದಲ್ಲಿ ಹೊಸದಾಗಿ ಕಟ್ಟುವುದನ್ನು ತಡೆಯಲು 1980ರ ದಶಕದ ಕೊನೆಯಲ್ಲಿ ಚಳವಳಿ ಶುರುವಾಯಿತು. ಅದರ ಬೆನ್ನಿಗೇ ಮ್ಯೂಸಿಯಂನ ಯೋಚನೆ ಬಂತು. 1994ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ ಇದ್ದದ್ದು ಕೆಲವೇ ವಾರಗಳ ಪ್ರದರ್ಶನದ ಲೆಕ್ಕ. ಜನ ಬರುವುದು ನಿಲ್ಲಲೇ ಇಲ್ಲ, ಹಾಗಾಗಿ ಮುಚ್ಚಲೂ ಇಲ್ಲ. ಮನೆ ಕೆಡವುವ ಕೆಲಸದಲ್ಲಿದ್ದ ವ್ಯಕ್ತಿಯೊಬ್ಬರು ಬೀದಿಗಳ ಹಳೆಯ ನಾಮಫಲಕಗಳನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವೂ ಇಲ್ಲಿಗೆ ಬಂದವು. ಬಂದವರು ಉದ್ದದ ಬಿಳಿ ಬಟ್ಟೆಯ ಮೇಲೆ ಹೆಸರು, ನೆನಪು ಬರೆದರು. ಆಮೇಲೆ ಆ ಅಕ್ಷರಗಳ ಮೇಲೇ ದಾರದಿಂದ ಕಸೂತಿ ಹಾಕಲಾಯಿತು.

ಇದು ಸುಮ್ನೆ ನೆನಪಿನ ಮಾತಲ್ಲ. ಕಳೆದುಕೊಂಡ ನೆಲ ಮರಳಿ ಕೇಳುವ ಕಾನೂನು ಬಂದದ್ದೂ 1994ರಲ್ಲೇ. 1997ರಲ್ಲಿ ಭೂ ಹಕ್ಕುಗಳ ನ್ಯಾಯಾಲಯ ಇದೇ ಮ್ಯೂಸಿಯಂನಲ್ಲಿ ಕೂತು ವಿಚಾರಣೆ ನಡೆಸಿತು. ಮ್ಯೂಸಿಯಂನಿಂದ ನಾನು ಬಯಸುವುದು ಇದನ್ನೇ: ನೊಂದವರು ನೋಡಿ ಹೋಗುವುದಷ್ಟೇ ಅಲ್ಲ, ಅಲ್ಲಿ ನಿಂತು ಹಕ್ಕು ಕೇಳುವಂತಾಗಬೇಕು.

2004ರಲ್ಲಿ ಮೊದಲ ಇಬ್ಬರು ಹಿರಿಯರಿಗೆ ಹೊಸ ಮನೆಯ ಕೀಲಿಕೈ ಸಿಕ್ಕಿತು. ಆಮೇಲಿನ ಕೆಲಸ ಆಮೆನಡಿಗೆ. 2019ರಲ್ಲಿ ನ್ಯಾಯಾಲಯವೇ ಸರ್ಕಾರಕ್ಕೆ ಚಾಟಿ ಬೀಸಿ, ಮನೆ ಕಟ್ಟುವ ಯೋಜನೆ ಕೊಡಿ ಎಂದು ಹೇಳಬೇಕಾಯಿತು. ಅಷ್ಟರಲ್ಲಿ ಅರ್ಜಿ ಹಾಕಿದ್ದ ಎಷ್ಟೋ ಮಂದಿ ತೀರಿಕೊಂಡಿದ್ದರು.