‘ರೊಕ್ಕ ಹೋಗ್ಯಾವ್ರಿ’ ಅಂದರೆ ಯಾವ ರೊಕ್ಕ?

ಹೋದ ವಾರ ಕಾಲ್ ಸೆಂಟರ್ ಕೆಲಸದ ಅಣಕು ಸಂದರ್ಶನಕ್ಕೆ ಕೂತ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಒಂದೇ ಜಾಗದಲ್ಲಿ ಎಡವಿದರು. ನಾನು ಬ್ಯಾಂಕಿನ ಗ್ರಾಹಕನಾಗಿ ಫೋನ್ ಹಿಡಿದು, ಸಿಟ್ಟಿನ ದನಿಯಲ್ಲಿ ‘ನನ್ನ ಖಾತೆದಾಗಿಂದ ಹತ್ತು ಸಾವಿರ ಹೋಗ್ಯಾವ್ರಿ’ ಅನ್ನುತ್ತೇನೆ. ನನ್ನ ಮಾತು ಮುಗಿಯುವುದಕ್ಕೂ ಬಿಡದೆ ಆ ಕಡೆಯಿಂದ ‘ವೆರಿ ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್ ಸರ್, ಇಪ್ಪತ್ನಾಲ್ಕು ತಾಸಿನೊಳಗ ನಿಮ್ಮ ಸಮಸ್ಯೆ ಬಗೆಹರಿಸ್ತೀವಿ’ ಅಂತ ಉತ್ತರ ಬರುತ್ತದೆ. ಉಚ್ಚಾರ ಚೊಕ್ಕ, ದನಿ ಮೃದು. ಆದರೆ ರೊಕ್ಕ ಹ್ಯಾಂಗ ಹೋಯಿತು ಅಂತ ಆ ಒಂಬತ್ತು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಕಾಲ್ ಸೆಂಟರಿನ ಫ್ಲೋರಿನಲ್ಲಿ ಒಂಬತ್ತು ವರ್ಷ ಇದ್ದು, ಅದರಲ್ಲಿ ನಾಲ್ಕು ವರ್ಷ ಸಂದರ್ಶನದ ಮೇಜಿನ ಈಚೆಗೆ ಕೂತು ಬಂದವನು ನಾನು. ಈಗ ಕಲಬುರಗಿಯಲ್ಲಿ ಆಳಂದ, ಸೇಡಂ, ಚಿಂಚೋಳಿ ಕಡೆಯಿಂದ ಬರುವ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತೇನೆ. ಡ್ರೆಸ್ಸು, ರೆಸ್ಯೂಮೆ, ಸಮಯಕ್ಕೆ ಸರಿಯಾಗಿ ಹೋಗುವುದು, ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ; ನಮ್ಮ ಮಕ್ಕಳಿಗೆ ಅದು ಗೊತ್ತಿದೆ. ಗೊತ್ತಿಲ್ಲದಿರುವುದು ಕೇಳುವುದು. ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ.

‘ರೊಕ್ಕ ಹೋಗ್ಯಾವ’ ಅನ್ನುವ ಒಂದೇ ಮಾತಿನ ಒಳಗೆ ಕನಿಷ್ಠ ಮೂರು ಬೇರೆ ಬೇರೆ ತಾಪತ್ರಯ ಇರಬಹುದು. ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಮಾತ್ರ ಕಡಿತವಾಗಿರಬಹುದು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಅಂಥ ಹಣವನ್ನು ಐದು ದಿನದೊಳಗೆ ಬ್ಯಾಂಕು ತಾನಾಗಿ ವಾಪಸು ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಎರಡನೆಯದು, ಯುಪಿಐನಲ್ಲಿ ಕಳಿಸಿದ್ದು ಆ ಕಡೆ ಮುಟ್ಟದೆ ಇರಬಹುದು. ಅದರ ಗಡುವು ಬೇರೆ. ಮೂರನೆಯದು ಮೋಸ. ಯಾರೋ ಓಟಿಪಿ ಕೇಳಿ ಪಡೆದು ಖಾತೆ ಬಳಿದಿರಬಹುದು. ಆಗ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಗ್ರಾಹಕ ತಾನೇ ಓಟಿಪಿ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಅಂತ 2017ರ ಸುತ್ತೋಲೆ ಹೇಳುತ್ತದೆ. ಅಂದರೆ ಮೊದಲು ಕಾರ್ಡು, ಖಾತೆ ಬಂದ್ ಮಾಡಿಸಬೇಕು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಬೇಕು, ಸಮಾಧಾನದ ಮಾತು ಆಮೇಲೆ. ಎಟಿಎಂನವರಿಗೆ ಧೈರ್ಯ ಹೇಳಿದಂತೆ ಇವರಿಗೂ ‘ಕಾಯಿರಿ ಸರ್, ವಾಪಸ್ ಬರ್ತದ’ ಅಂದರೆ, ಖಾತೆಯಲ್ಲಿ ಉಳಿದದ್ದೂ ಅಷ್ಟರೊಳಗೆ ಹೋಗಿರುತ್ತದೆ.

ಸಂದರ್ಶನದಲ್ಲಿ ಈ ಸುತ್ತೋಲೆಗಳನ್ನು ಯಾರೂ ಕೇಳುವುದಿಲ್ಲ, ಅದನ್ನು ಟ್ರೇನಿಂಗಿನಲ್ಲಿ ಕಲಿಸುತ್ತಾರೆ. ಅವರು ನೋಡುವುದು ‘ಯಾವಾಗ ಆಯ್ತ್ರಿ? ಎಲ್ಲಿ? ಮೆಸೇಜ್ ಏನಂತ ಬಂದದ?’ ಅನ್ನುವ ಮೂರು ಪ್ರಶ್ನೆ ನಿಮ್ಮ ಬಾಯಿಂದ ಬರುತ್ತವೋ ಇಲ್ಲವೋ ಅಂತ. ಅದಾದ ಮೇಲೆ, ಕೇಳಿಸಿಕೊಂಡದ್ದನ್ನು ಗ್ರಾಹಕನಿಗೇ ಒಮ್ಮೆ ತಿರುಗಿಸಿ ಹೇಳಬೇಕು: ‘ನಿನ್ನೆ ಸಂಜಿಗಿ ಎಟಿಎಂನಾಗ ಹತ್ತು ಸಾವಿರ ಒತ್ತೀರಿ, ನೋಟು ಬರ್ಲಿಲ್ಲ, ಮೆಸೇಜ್ ಬಂತು, ಹೌದಲ್ರಿ?’ ಕೂಗಾಡುತ್ತಿದ್ದ ಮನುಷ್ಯನೂ ಇದಕ್ಕೆ ‘ಹೂಂರಿ’ ಅನ್ನಲೇಬೇಕು. ಆ ‘ಹೂಂರಿ’ಯಲ್ಲಿ ಅವನ ದನಿ ಅರ್ಧ ಇಳಿದಿರುತ್ತದೆ. ಹೆಡ್‌ಫೋನಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ.

ಇನ್ನು ಆ ‘ಇಪ್ಪತ್ನಾಲ್ಕು ತಾಸು’. ಇದನ್ನು ಯಾರು ಕಲಿಸಿದರೋ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಕರೆಗಳ ಗುಣಮಟ್ಟ ನೋಡುವ ಕ್ವಾಲಿಟಿಯವರು ಆರಿಸಿ ಕೇಳುತ್ತಾರೆ. ಕೈಯಲ್ಲಿಲ್ಲದ ಮಾತು ಕೊಟ್ಟರೆ ಬಹಳ ಕಡೆ ಅದನ್ನು ಫೇಟಲ್ ಅಂತ ಗುರುತು ಹಾಕಿ ಇಡೀ ಕರೆಗೆ ಸೊನ್ನೆ ಕೊಡುತ್ತಾರೆ, ಉಳಿದದ್ದು ಎಷ್ಟೇ ಚಂದ ಇರಲಿ. ಸಂದರ್ಶನದಲ್ಲೇ ಹಾಗೆ ಮಾತು ಕೊಡುವವನನ್ನು ಕಂಡರೆ ಟೀಮ್ ಲೀಡರ್ ಹಿಂದೆ ಸರಿಯುತ್ತಾನೆ.

ಇಂಗ್ಲಿಷಿನ ಹೆದರಿಕೆಯಿಂದಲೇ ಮಕ್ಕಳು ಹೀಗೆ ಬಾಯಿಪಾಠಕ್ಕೆ ಬೀಳುತ್ತಾರೆ ಅಂತ ನನಗೆ ಗೊತ್ತು. ಇಂಗ್ಲಿಷ್ ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಬೇಕು ಅನ್ನುವುದು ಪ್ರೋಸೆಸ್ ಮೇಲೆ, ಅಂದರೆ ಯಾವ ಕಂಪನಿಯ ಗ್ರಾಹಕರ ಕೆಲಸ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದ ಗ್ರಾಹಕರಾದರೆ ಕಂಪ್ಯೂಟರೇ ಮಾತು ಕೇಳಿ ಅಂಕ ಹಾಕುವ ಪರೀಕ್ಷೆ ಇರಬಹುದು, ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆದರೆ ದೇಶದೊಳಗಿನ ಬ್ಯಾಂಕು, ಮೊಬೈಲು, ಡೆಲಿವರಿ ಕಂಪನಿಗಳಿಗೆ ಕನ್ನಡ, ಹಿಂದಿ ಎರಡೂ ಬಲ್ಲವರು ಬೇಕು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಓಣಿಯಲ್ಲಿ ಬೆಳೆದ ಹುಡುಗ ಕನ್ನಡ, ದಖ್ನಿ, ಹಿಂದಿ, ಚೂರು ಮರಾಠಿ ಇಷ್ಟನ್ನೂ ಒಂದೇ ಬೆಳಗಿನಲ್ಲಿ ಆಡುತ್ತಾನೆ. ಅದನ್ನು ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಾನೆ.

ಬಚ್ಚಿಡುವುದು ಅಂದಾಗ ಸೇಡಂ ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಬಿ.ಕಾಂ. ಆಗಿತ್ತು, ‘ಅನುಭವ’ ಅನ್ನುವ ಜಾಗ ಖಾಲಿ. ಮೂರು ವರ್ಷ ಸೋದರಮಾವನ ಮೆಡಿಕಲ್ ಅಂಗಡಿಯಲ್ಲಿ ಸಂಜೆ ಕೂತಿದ್ದಳು ಅನ್ನುವುದು ಮಾತಿನ ನಡುವೆ ಹೊರಬಿತ್ತು. ‘ಅದೇನು ನೌಕರಿ ಅಲ್ಲಲ್ರಿ ಸರ್’ ಅಂದಳು. ಅಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಮುದುಕರೊಬ್ಬರು ಹೆಸರಿನ ಭಾಗ ಹರಿದುಹೋದ ಗುಳಿಗೆ ಪಟ್ಟಿ ತಂದು ‘ಇದೇ ಬಿಳಿ ಗುಳಿಗಿ ಕೊಡವಾ’ ಅನ್ನುತ್ತಿದ್ದರಂತೆ. ಇವಳು ‘ಮುತ್ಯಾ, ಬಿಪಿದೋ ಸಕ್ಕರಿದೋ? ಮುಂಜಾನಿ ತಗೊತಿ ಏನು ರಾತ್ರಿ? ಊಟಕ್ಕಿಂತ ಮೊದ್ಲೋ ಆಮ್ಯಾಲೋ?’ ಅಂತ ಕೇಳಿ, ಕೊನೆಗೆ ‘ಡಾಕ್ಟರ್ ಚೀಟಿ ನೋಡಲಾರದೆ ಮಾವ ಕೊಡಂಗಿಲ್ಲ, ಮೊಮ್ಮಗನ ಕೈಲಿ ಕಳಿಸು, ನಾ ತೆಗೆದಿಟ್ಟಿರ್ತೀನಿ’ ಅಂದು ಸಿಟ್ಟು ಬರದ ಹಾಗೆ ವಾಪಸು ಕಳಿಸುತ್ತಿದ್ದಳು. ಕೇಳುತ್ತ ಕೇಳುತ್ತ ನನ್ನ ಕಣ್ಣು ತೇವವಾದವು. ನಾವು ಆರು ವಾರ ಟ್ರೇನಿಂಗ್ ಕೊಟ್ಟರೂ ಹೊಸಬರಿಗೆ ಬರುವುದು ಕಷ್ಟವಾಗಿದ್ದ ಕೆಲಸ ಅದು. ಖಾಲಿ ಜಾಗದಲ್ಲಿ ಅದನ್ನೇ ಬರೆಸಿದೆ. ಹೈದರಾಬಾದಿನ ಸಂದರ್ಶನದಲ್ಲಿ ಬೇರೆಲ್ಲ ಬಿಟ್ಟು ಅಂಗಡಿಯ ವಿಷಯವನ್ನೇ ಬಹಳ ಹೊತ್ತು ಕೇಳಿದರಂತೆ. ಫೋನಿನಲ್ಲಿ ಮಾತಾಡುವ ವಾಯ್ಸ್‌ಗೆ ತೆಗೆದುಕೊಳ್ಳಲಿಲ್ಲ, ಬರೆದು ಉತ್ತರಿಸುವ ಚಾಟ್‌ಗೆ ತೆಗೆದುಕೊಂಡರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ.

ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳುವವರ ಹತ್ತಿರ ಸುಳಿಯಬೇಡಿ, ಡಿಪಾಜಿಟ್ ಅಂದರೂ ಸರಿ, ಲ್ಯಾಪ್‌ಟಾಪ್ ಅಂದರೂ ಸರಿ.

ಸೇಡಂ ಕಡೆಯ ಆ ಹುಡುಗಿ ಕೆಲಸಕ್ಕೆ ಸೇರುವ ಮುಂಚೆ ಅವಳ ತಂದೆ ನನಗೆ ಫೋನ್ ಮಾಡಿದ್ದರು. ತೊಗರಿ ರಾಶಿಯ ಸಮಯ, ಹಿಂದೆ ಮಷಿನಿನ ಸದ್ದು. ‘ಸರ್ರ, ರಾತ್ರಿ ಡ್ಯೂಟಿ ಇದ್ರ ಗಾಡಿ ರೂಮಿನ ಬಾಗಿಲ ತನಕ ಬಿಡ್ತದೋ, ಇಲ್ಲಾ ರಸ್ತೆ ಮ್ಯಾಲೇ ಇಳಿಸ್ತದೋ?’ ನಾಲ್ಕು ವರ್ಷ ಸಂದರ್ಶನ ಮಾಡಿದೆ, ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಅಂತ ಕೊನೆಗೆ ಪ್ರತಿಯೊಬ್ಬರನ್ನೂ ಕೇಳಿದೆ, ಇಂಥ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ. ಮಗಳ ಕೈಯಿಂದಲೇ ಎಚ್‌ಆರ್‌ಗೆ ಕೇಳಿಸಿದೆವು. ಬಾಗಿಲ ತನಕ ಅಂತ ಮೇಲ್ ಬಂತು.