ಹಂಗಿನ ಅರಮನೆಯ ಸಂಪಾದಕಿಯರು

2025ರ ಜೂನ್ ಕೊನೆಯ ವಾರ ನ್ಯೂಯಾರ್ಕಿನಿಂದ ಒಂದು ಸುದ್ದಿ ಬಂತು. ಅಮೆರಿಕದ ಫ್ಯಾಷನ್ ಪತ್ರಿಕೆ ‘ವೋಗ್’ನ ಸಂಪಾದಕ ಹುದ್ದೆಯಿಂದ ಅನ್ನಾ ವಿಂಟೂರ್ 37 ವರ್ಷಗಳ ನಂತರ ಕೆಳಗಿಳಿಯುತ್ತಿದ್ದಾರೆ ಎಂಬುದು ತಲೆಬರಹ. ಕೆಳಗಿನ ಸಾಲುಗಳನ್ನೂ ಓದಿದವರಿಗೆ ಮಾತ್ರ ತಿಳಿದ ಸಂಗತಿ ಬೇರೆ ಇತ್ತು. ವಿಂಟೂರ್ ಎಲ್ಲಿಗೂ ಹೋಗುತ್ತಿರಲಿಲ್ಲ. ‘ನ್ಯೂಯಾರ್ಕರ್’ ಒಂದನ್ನು ಬಿಟ್ಟು ಕಾಂಡೆ ನಾಸ್ಟ್ ಕಂಪನಿಯ ಎಲ್ಲ ಪತ್ರಿಕೆಗಳ ಮೇಲಧಿಕಾರ ಅವರ ಬಳಿಯೇ ಉಳಿಯಿತು. ಜಗತ್ತಿನ ಎಲ್ಲ ‘ವೋಗ್’ ಆವೃತ್ತಿಗಳ ಉಸ್ತುವಾರಿಯೂ ಹಾಗೆಯೇ. ಸೆಪ್ಟೆಂಬರ್ ಮೊದಲ ವಾರ ಅವರ ಜಾಗಕ್ಕೆ ಬಂದ ಕ್ಲೋಯಿ ಮ್ಯಾಲ್ ಅವರಿಗೆ ಸಿಕ್ಕದ್ದು ಸಂಪಾದಕೀಯ ವಿಭಾಗದ ಮುಖ್ಯಸ್ಥೆಯ ಹುದ್ದೆ. ಅವರು ವರದಿ ಒಪ್ಪಿಸಬೇಕಾದದ್ದು ವಿಂಟೂರ್ ಅವರಿಗೇ. ಮುಖ್ಯ ಸಂಪಾದಕಿ ಎಂಬ ಹುದ್ದೆಯನ್ನು ಕಂಪನಿ ಸದ್ದಿಲ್ಲದೆ ಎತ್ತಿಹಾಕಿತ್ತು.

ಫ್ಯಾಷನ್ ಪತ್ರಿಕೆಯ ಸಂಪಾದಕಿ ಎಂದೊಡನೆ ಕಪ್ಪು ಕನ್ನಡಕ, ಪ್ರದರ್ಶನದ ಮೊದಲ ಸಾಲಿನ ಆಸನ, ಕಾಫಿ ಹಿಡಿದು ಓಡುವ ಸಹಾಯಕಿಯರು ಕಣ್ಣ ಮುಂದೆ ಬರುತ್ತಾರೆ. ವಿಂಟೂರ್ ಅವರ ಮಾಜಿ ಸಹಾಯಕಿಯೊಬ್ಬರು 2003ರಲ್ಲಿ ಬರೆದ ಕಾದಂಬರಿ ಮತ್ತು 2006ರಲ್ಲಿ ಅದರಿಂದ ಹುಟ್ಟಿದ ಸಿನಿಮಾ ಆ ಚಿತ್ರವನ್ನು ಲೋಕಕ್ಕೆಲ್ಲ ಹಂಚಿದವು. ಮೇಲ್ನೋಟಕ್ಕೆ ಸರ್ವಾಧಿಕಾರ. ಆದರೆ ಕುರ್ಚಿ ಮಾಲೀಕನದು, ಸಂಬಳ ಜಾಹೀರಾತಿನದು. ವಿಂಟೂರ್ ಹೇಗೆ ಅಷ್ಟು ಕಾಲ ಉಳಿದರು ಎಂಬುದು ತಿಳಿಯಬೇಕಾದರೆ ಅವರಿಗಿಂತ ಮೊದಲು ಅಲ್ಲಿ ಕುಳಿತವರಿಗೆ ಏನಾಯಿತು ಎಂಬುದನ್ನು ನೋಡಬೇಕು.

‘ವೋಗ್’ ಹುಟ್ಟಿದ್ದು 1892ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ಸಿರಿವಂತರ ಮನೆಗಳಿಗಾಗಿ ಆರ್ಥರ್ ಟರ್ನ್ಯೂರ್ ಹೊರಡಿಸಿದ ವಾರಪತ್ರಿಕೆಯಾಗಿ. ಅದರ ಹಣೆಬರಹ ಬದಲಿಸಿದವನು 1909ರಲ್ಲಿ ಅದನ್ನು ಕೊಂಡ ಕಾಂಡೆ ನಾಸ್ಟ್. ಈತ ‘ಕೋಲಿಯರ್ಸ್’ ವಾರಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಪಳಗಿದವನು. ಬರಹಗಾರನಲ್ಲ, ಲೆಕ್ಕದ ಮನುಷ್ಯ. ಅವನ ತರ್ಕ ಹೀಗಿತ್ತು: ಲಕ್ಷಗಟ್ಟಲೆ ಸೂಜಿಗಳ ರಾಶಿಯಲ್ಲಿ ಚಿನ್ನದ ಮೊನೆಯ ಕೆಲವನ್ನಷ್ಟೇ ಆರಿಸಿಕೊಳ್ಳಬೇಕಾದವನು ಒಂದೊಂದಾಗಿ ಹುಡುಕುತ್ತಾ ಕೂರಲಾರ, ಅವನ್ನು ಮಾತ್ರ ಸೆಳೆಯುವ ಅಯಸ್ಕಾಂತವೊಂದು ಅವನಿಗೆ ಬೇಕು. ಪತ್ರಿಕೆ ಆ ಅಯಸ್ಕಾಂತ, ಚಿನ್ನದ ಮೊನೆಯವರು ಹಣವುಳ್ಳ ಓದುಗರು, ಹುಡುಕುತ್ತಿರುವವನು ಜಾಹೀರಾತುದಾರ. ಓದುಗರ ಸಂಖ್ಯೆ ಕಡಿಮೆಯಿದ್ದರೂ ಚಿಂತೆಯಿಲ್ಲ, ತೂಕದವರಿರಬೇಕು. ಇವತ್ತಿನ ಎಲ್ಲ ಐಷಾರಾಮಿ ಪತ್ರಿಕೆಗಳೂ ನಿಂತಿರುವುದು ಈ ಲೆಕ್ಕದ ಮೇಲೆ. ಸಂಪಾದಕಿಯ ಕೆಲಸವೇನು ಎಂಬುದನ್ನೂ ಅದೇ ತೀರ್ಮಾನಿಸಿತು. ಅಯಸ್ಕಾಂತದ ಬಲ ಕುಂದದಂತೆ ನೋಡಿಕೊಳ್ಳುವುದು ಅವಳ ಹೊಣೆ.

ಆ ಹೊಣೆಯನ್ನು ಅತಿ ದೀರ್ಘಕಾಲ ಹೊತ್ತವರಲ್ಲಿ ಎಡ್ನಾ ವುಲ್ಮನ್ ಚೇಸ್ ಮೊದಲಿಗರು. 1895ರಲ್ಲಿ ಹದಿನೆಂಟರ ಹುಡುಗಿಯಾಗಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸಕ್ಕೆ ಸೇರಿದ ಅವರು 1914ರಲ್ಲಿ ಸಂಪಾದಕಿಯಾಗಿ 1952ರವರೆಗೂ ಅಲ್ಲೇ ಇದ್ದರು. ಅಧಿಕಾರ ವಹಿಸಿಕೊಂಡ ವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಪ್ಯಾರಿಸ್ಸಿನಿಂದ ಹೊಸ ಉಡುಪು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ. ಉಡುಪಿಲ್ಲದೆ ಪತ್ರಿಕೆಯಲ್ಲಿ ತುಂಬುವುದೇನನ್ನು? ಚೇಸ್ ಆ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ ಸ್ಥಳೀಯ ಹೊಲಿಗೆ ಮನೆಗಳ ಉಡುಪುಗಳ ಪ್ರದರ್ಶನ ಏರ್ಪಡಿಸಿದರು. ಹುಟ್ಟಿದ ಹಣ ಯುದ್ಧದ ವಿಧವೆಯರಿಗೆ, ಅನಾಥರಿಗೆ. ಊರಿನ ಪ್ರತಿಷ್ಠಿತ ಮಹಿಳೆಯರು ಮುಂದೆ ನಿಂತು ನಡೆಸಿಕೊಟ್ಟರು. ದಾನದ ಹೆಸರು, ಶ್ರೀಮಂತರ ಸಭೆ, ಪತ್ರಿಕೆಗೆ ಕೀರ್ತಿ. ಈ ಪಾಕವನ್ನು ನೂರು ವರ್ಷದ ನಂತರ ವಿಂಟೂರ್ ಯಾವ ಮಟ್ಟಕ್ಕೆ ಒಯ್ದರು ಎಂಬುದು ಮುಂದೆ ಬರುತ್ತದೆ.

ಚೇಸ್ ತಮ್ಮ ಉತ್ತರಾಧಿಕಾರಿ ಎಂದು ಬೆಳೆಸಿದ್ದ ಕಾರ್ಮೆಲ್ ಸ್ನೋ 1932ರಲ್ಲಿ ಪ್ರತಿಸ್ಪರ್ಧಿ ಹರ್ಸ್ಟ್ ಕಂಪನಿಯ ‘ಹಾರ್ಪರ್ಸ್ ಬಜಾರ್’ ಸೇರಿಕೊಂಡರು. ನಾಸ್ಟ್ ಸಾಯುವವರೆಗೂ ಅವರೊಡನೆ ಮಾತನಾಡಲಿಲ್ಲ. ಸ್ನೋ ಅಲ್ಲಿ ಕಟ್ಟಿದ ತಂಡ ‘ವೋಗ್’ ಅನ್ನು ಮಂಕಾಗಿಸಿತು. 1947ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಅವರ ಮೊದಲ ಸಂಗ್ರಹಕ್ಕೆ ‘ನ್ಯೂ ಲುಕ್’ ಎಂಬ ಹೆಸರು ಬಿದ್ದದ್ದೂ ಸ್ನೋ ಆಡಿದ ಮಾತಿನಿಂದಲೇ. ಅವರ ಇನ್ನೊಂದು ಶೋಧ ಡಯಾನಾ ವ್ರೀಲ್ಯಾಂಡ್. ಹೋಟೆಲೊಂದರಲ್ಲಿ ಬಿಳಿ ಲೇಸಿನ ಶನೆಲ್ ಉಡುಪು ತೊಟ್ಟು ಕುಣಿಯುತ್ತಿದ್ದ ಈಕೆಯನ್ನು ಕಂಡ ಸ್ನೋ ಕೆಲಸಕ್ಕೆ ಕರೆದರು. ಅಲ್ಲಿಯವರೆಗೆ ಕಚೇರಿಯ ಮುಖ ಕಾಣದ ಹೆಂಗಸು ಮುಂದೆ ಕಾಲು ಶತಮಾನ ‘ಬಜಾರ್’ನ ಉಡುಪಿನ ಪುಟಗಳನ್ನು ಆಳಿದರು. 1943ರ ಮಾರ್ಚ್ ಮುಖಪುಟಕ್ಕೆ ಲಾರೆನ್ ಬಕಾಲ್ ಎಂಬ ಅಪರಿಚಿತ ಹುಡುಗಿಯನ್ನು ತಂದವರೂ ಅವರೇ. ಆ ಒಂದು ಚಿತ್ರ ಹುಡುಗಿಯನ್ನು ಹಾಲಿವುಡ್‌ಗೆ ಕರೆದೊಯ್ದಿತು. ಆದರೆ ಸ್ನೋ ನಿರ್ಗಮಿಸಿದಾಗ ಸಂಪಾದಕತ್ವ ಸಿಕ್ಕಿದ್ದು ಸ್ನೋ ಅವರ ಸೋದರ ಸಂಬಂಧದ ನ್ಯಾನ್ಸಿ ವೈಟ್‌ಗೆ. ವ್ರೀಲ್ಯಾಂಡ್ ಕಾದು, 1962ರಲ್ಲಿ ‘ವೋಗ್’ಗೆ ಬಂದರು.

ಅಷ್ಟರಲ್ಲಿ ಅಲ್ಲಿ ಮಾಲೀಕರು ಬದಲಾಗಿದ್ದರು. 1959ರಲ್ಲಿ ದಿನಪತ್ರಿಕೆಗಳ ಒಡೆಯ ಸ್ಯಾಮ್ ನ್ಯೂಹೌಸ್ ಕಾಂಡೆ ನಾಸ್ಟ್ ಕಂಪನಿಯನ್ನು ಕೊಂಡಿದ್ದ. ವಿವಾಹ ವಾರ್ಷಿಕೋತ್ಸವಕ್ಕೆ ಹೆಂಡತಿ ಫ್ಯಾಷನ್ ಪತ್ರಿಕೆ ತಂದುಕೊಡಿ ಎಂದದ್ದಕ್ಕೆ ಇಡೀ ‘ವೋಗ್’ ಅನ್ನೇ ತಂದ ಎಂಬ ತಮಾಷೆ ಇಂದಿಗೂ ಚಾಲ್ತಿಯಲ್ಲಿದೆ. ಸಂಪಾದಕಿಯರ ಮೇಲೆ ಅಲೆಕ್ಸಾಂಡರ್ ಲಿಬರ್‌ಮನ್ ಎಂಬ ಸಂಪಾದಕೀಯ ನಿರ್ದೇಶಕ ಇದ್ದ. ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕೀವ್‌ನಲ್ಲಿ ಹುಟ್ಟಿದ ಚಿತ್ರಕಾರ, ಶಿಲ್ಪಿ. 1994ರವರೆಗೆ ಆತನದೇ ದರ್ಬಾರು. ಸಂಪಾದಕಿಯರ ನೇಮಕವಾಗಲಿ ವಜಾ ಆಗಲಿ, ಆತನ ಕೈಯಿಲ್ಲದೆ ಆಗುತ್ತಿರಲಿಲ್ಲ. ಈ ಹೆಸರನ್ನು ನೆನಪಿಡಿ. ವಿಂಟೂರ್ ಅವರ ಕಥೆಯಲ್ಲಿ ಡಿಯೋರ್‌ಗಿಂತ ಹೆಚ್ಚು ಕೆಲಸಕ್ಕೆ ಬರುವ ಹೆಸರಿದು.

ವ್ರೀಲ್ಯಾಂಡ್ ಕಾಲದ ‘ವೋಗ್’ ಕನಸಿನ ಪತ್ರಿಕೆ. ಅರವತ್ತರ ದಶಕದ ಯುವಜನರ ಅಬ್ಬರ, ಲಂಡನ್ನಿನ ಬೀದಿ, ಉದ್ದುದ್ದ ಕತ್ತಿನ ಹುಡುಗಿಯರು ಎಲ್ಲವೂ ಒಳಗೆ ಬಂದವು. 1966ರಲ್ಲಿ ತುಪ್ಪಳದ ಕೋಟುಗಳ ಚಿತ್ರಗಳಿಗಾಗಿ ಛಾಯಾಗ್ರಾಹಕ ರಿಚರ್ಡ್ ಅವೆಡಾನ್ ಮತ್ತು ರೂಪದರ್ಶಿ ವೆರುಷ್ಕಾ ಅವರನ್ನು ಐದು ವಾರ ಜಪಾನಿನ ಹಿಮದಲ್ಲಿ ಸುತ್ತಿಸಿದರು. ಆ ಪುಟಗಳನ್ನು ಈಗ ನೋಡಿದರೂ ಬೆರಗಾಗುತ್ತದೆ. ಖರ್ಚಿನ ಚೀಟಿ ನೋಡಿದವರಿಗೆ ಬೇರೆಯೇ ಬಗೆಯ ಬೆರಗಾಗಿರಬೇಕು. ಎಪ್ಪತ್ತರ ಆರಂಭದಲ್ಲಿ ಆರ್ಥಿಕತೆ ಕುಸಿದು ಜಾಹೀರಾತು ಇಳಿಯಿತು. ಉದ್ಯೋಗಕ್ಕೆ ಹೋಗತೊಡಗಿದ್ದ ಹೆಂಗಸರಿಗೆ ತೊಡಲಾಗದ ಬಟ್ಟೆಗಳ ಕನಸು ಬೇಡವಾಗಿತ್ತು. 1971ರಲ್ಲಿ ವ್ರೀಲ್ಯಾಂಡ್ ಅವರನ್ನು ತೆಗೆದುಹಾಕಿದರು. ಅವರ ಕೆಳಗೆ ಕೆಲಸ ಮಾಡಿದ್ದ ಗ್ರೇಸ್ ಮಿರಬೆಲ್ಲಾ ಬಂದು ಕಚೇರಿಯ ರಕ್ತಗೆಂಪು ಗೋಡೆಗಳಿಗೆ ಮಾಸಲು ಬಣ್ಣ ಬಳಿಸಿದರು.

ಮಿರಬೆಲ್ಲಾ ಅವರಿಗೆ ಇತಿಹಾಸ ನ್ಯಾಯ ಮಾಡಿಲ್ಲ ಎಂಬುದು ನನ್ನ ಅನಿಸಿಕೆ. ಬಣ್ಣಗೆಟ್ಟ ಪತ್ರಿಕೆ ಎಂದು ಹಳಿದವರೇ ಹೆಚ್ಚು. ಆದರೆ ತಿಂಗಳಿಗೆ ಎರಡು ಬಾರಿ ಬರುತ್ತಿದ್ದುದು 1973ರಲ್ಲಿ ಮಾಸಿಕವಾಯಿತು. ನಾಲ್ಕು ಲಕ್ಷವಿದ್ದ ಪ್ರಸಾರ ಅವರ ಕಾಲದಲ್ಲಿ 12 ಲಕ್ಷ ದಾಟಿತು. ಕಚೇರಿಗೆ ಹೋಗುವ ಹೆಂಗಸಿನ ಬಟ್ಟೆ, ಆರೋಗ್ಯ, ದುಡಿಮೆ ಪುಟಗಳಲ್ಲಿ ಕಾಣಿಸಿಕೊಂಡವು. 1974ರ ಆಗಸ್ಟ್ ಮುಖಪುಟದಲ್ಲಿ ಬೆವರ್ಲಿ ಜಾನ್ಸನ್ ಬಂದರು. ಅಮೆರಿಕದ ‘ವೋಗ್’ ಮುಖಪುಟದ ಮೊದಲ ಕಪ್ಪುವರ್ಣೀಯ ಮಹಿಳೆ. 1985ರಲ್ಲಿ ಫ್ರಾನ್ಸಿನ ‘ಎಲ್’ ಅಮೆರಿಕಕ್ಕೆ ಬಂದು ಎಳೆಯ ಓದುಗರನ್ನು ಸೆಳೆಯತೊಡಗಿದಾಗ ಮಾಲೀಕರಿಗೆ ಗಾಬರಿ. 1988ರ ಜೂನ್ 28ರ ಸಂಜೆ ಅಂಕಣಕಾರ್ತಿ ಲಿಜ್ ಸ್ಮಿತ್ ದೂರದರ್ಶನದಲ್ಲಿ ‘ವೋಗ್’ಗೆ ಹೊಸ ಸಂಪಾದಕಿ ಬರುತ್ತಿದ್ದಾರೆ ಎಂದರು. ಅದನ್ನು ನೋಡಿದ ಪತಿಯಿಂದ ಮಿರಬೆಲ್ಲಾಗೆ ವಿಷಯ ತಿಳಿಯಿತು. ವಿಚಾರಿಸಿದರೆ, ಹೌದು ಎಂಬ ಉತ್ತರ ಬಂತು. 17 ವರ್ಷ ಪ್ರಸಾರ ಹೆಚ್ಚಿಸಿದವರಿಗೆ ಸಿಕ್ಕ ವಿದಾಯ ಅಷ್ಟೇ.

ವಿಂಟೂರ್ ಈ ಮನೆಯ ರೀತಿಯನ್ನು ಚೆನ್ನಾಗಿ ಅರಿತೇ ಬಂದವರು. 1949ರಲ್ಲಿ ಲಂಡನ್ನಿನಲ್ಲಿ ಹುಟ್ಟು; ತಂದೆ ಚಾರ್ಲ್ಸ್ ವಿಂಟೂರ್ ‘ಈವ್ನಿಂಗ್ ಸ್ಟ್ಯಾಂಡರ್ಡ್’ ದಿನಪತ್ರಿಕೆಯ ಸಂಪಾದಕ. ಕಾಲೇಜಿನ ಮೆಟ್ಟಿಲು ಹತ್ತದೆ 1970ರಲ್ಲಿ ‘ಹಾರ್ಪರ್ಸ್ ಆ್ಯಂಡ್ ಕ್ವೀನ್’ನಲ್ಲಿ ಸಹಾಯಕಿಯಾಗಿ ಸೇರಿದರು. 1975ರಲ್ಲಿ ನ್ಯೂಯಾರ್ಕಿನ ‘ಬಜಾರ್’ಗೆ ಹೋಗಿ ವರ್ಷ ತುಂಬುವ ಮೊದಲೇ ಕೆಲಸ ಕಳೆದುಕೊಂಡರು. ಎಲ್ಲರೂ ಒಮ್ಮೆ ವಜಾ ಆಗಬೇಕು, ಅದರಿಂದ ಕಲಿಯುವುದಿದೆ ಎಂದು ಅವರು ನಂತರ ಹೇಳಿದ್ದುಂಟು. ನಂತರ ‘ವೀವಾ’, ‘ಸ್ಯಾವಿ’, ‘ನ್ಯೂಯಾರ್ಕ್’ ಪತ್ರಿಕೆಗಳು. ‘ವೋಗ್’ನಲ್ಲಿ ಸಂದರ್ಶನಕ್ಕೆ ಬಂದಾಗ ಯಾವ ಹುದ್ದೆ ಬೇಕು ಎಂದು ಮಿರಬೆಲ್ಲಾ ಕೇಳಿದ್ದಕ್ಕೆ ನಿಮ್ಮದು ಎಂದರಂತೆ, ಇದನ್ನು ಹೇಳಿದವರು ಮಿರಬೆಲ್ಲಾ ಅವರೇ. 1983ರಲ್ಲಿ ಮಿರಬೆಲ್ಲಾ ಕೆಳಗೇ ಸೃಜನಾತ್ಮಕ ನಿರ್ದೇಶಕಿ, ಬಳಿಕ ಬ್ರಿಟಿಷ್ ‘ವೋಗ್’ನ ಸಂಪಾದಕಿ. 1987ರಲ್ಲಿ ಗೃಹಾಲಂಕಾರದ ‘ಹೌಸ್ ಆ್ಯಂಡ್ ಗಾರ್ಡನ್’ ವಹಿಸಿಕೊಂಡು ಅದರಲ್ಲಿ ಬಟ್ಟೆ ತುಂಬಿಸಿದಾಗ ಹಳೆಯ ಚಂದಾದಾರರು ಕಿತ್ತುಕೊಂಡು ಹೋದರು. ಬೇರೆಯವರಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇವರಿಗೆ ಮರುವರ್ಷ ‘ವೋಗ್’ ಸಿಕ್ಕಿತು. ಆ ಹೊತ್ತಿಗೆ ಕಂಪನಿ ನಡೆಸುತ್ತಿದ್ದ ನ್ಯೂಹೌಸ್‌ನ ಮಗ ಸೈ ಮತ್ತು ಲಿಬರ್‌ಮನ್ ಇಬ್ಬರ ನಂಬಿಕೆಯೂ ಅವರ ಬೆನ್ನಿಗಿತ್ತು.

1988ರ ನವೆಂಬರ್‌ನ ಅವರ ಮೊದಲ ಮುಖಪುಟ ಈಗ ಪಾಠವಾಗಿದೆ. ಇಸ್ರೇಲಿನ ರೂಪದರ್ಶಿ ಮಿಖೇಲಾ ಬೆರ್ಕು, ಮೇಲೆ ಹರಳು ಕೂರಿಸಿದ ಶಿಲುಬೆಯ 10,000 ಡಾಲರಿನ ಕ್ರಿಶ್ಚಿಯನ್ ಲಕ್ರುವಾ ಜಾಕೆಟ್, ಕೆಳಗೆ 50 ಡಾಲರಿನ ಜೀನ್ಸ್. ಬೀದಿಯಲ್ಲಿ ನಡೆಯುತ್ತಾ, ಕಣ್ಣು ಅರೆಮುಚ್ಚಿ ನಗು. ಮುದ್ರಣಾಲಯದವರು ಫೋನ್ ಮಾಡಿ ಚಿತ್ರ ಅದಲುಬದಲಾಗಿದೆಯೇ ಎಂದು ವಿಚಾರಿಸಿದರು. ಜಾಕೆಟಿಗೆ ಜೋಡಿಯಾಗಿದ್ದ ಲಂಗ ರೂಪದರ್ಶಿಗೆ ಹಿಡಿಯದೇ ಹೋದದ್ದರಿಂದ ಜೀನ್ಸ್ ಹಾಕಿಸಿದ್ದು ಎಂದು ವಿಂಟೂರ್ ವರ್ಷಗಳ ಬಳಿಕ ಬರೆದರು. ಕ್ರಾಂತಿ ಎಂದು ವ್ಯಾಖ್ಯಾನಿಸಿದವರಿಗೆ ಸ್ವಲ್ಪ ನಿರಾಸೆಯಾಗಿರಬಹುದು. ಆದರೂ ಆ ಚಿತ್ರವನ್ನೇ ಮುಖಪುಟಕ್ಕೆ ಆರಿಸಿದ್ದರಲ್ಲಿ ಅವರ ಕಣ್ಣಿತ್ತು. ಮುಂದಿನ ವರ್ಷ ಮಡೋನಾ, 1998ರಲ್ಲಿ ಹಿಲರಿ ಕ್ಲಿಂಟನ್ ಮುಖಪುಟಕ್ಕೆ ಬಂದರು. ರೂಪದರ್ಶಿಯರ ಜಾಗವನ್ನು ನಟಿಯರೂ ರಾಜಕಾರಣಿಗಳೂ ಆಕ್ರಮಿಸಿದರು. ಪ್ರಸಿದ್ಧಿಯೇ ಸರಕಾಗುವ ಕಾಲವನ್ನು ಅವರು ಬೇಗ ಮೂಸಿದ್ದರು.

ಜಾಹೀರಾತಿನ ಲೆಕ್ಕವಂತೂ ನಾಸ್ಟ್ ಕನಸಿನಲ್ಲೂ ಕಂಡಿರದಂಥದ್ದು. 2007ರ ಸೆಪ್ಟೆಂಬರ್ ಸಂಚಿಕೆ 840 ಪುಟ. ಅದರಲ್ಲಿ 727 ಜಾಹೀರಾತು. ಓದುಗ ಹಣ ಕೊಟ್ಟು ಜಾಹೀರಾತು ಕೊಂಡ ಎಂದರೂ ತಪ್ಪಿಲ್ಲ.

ಆದರೆ ಅವರನ್ನು ಉಳಿಸಿದ್ದು ಪತ್ರಿಕೆಯ ಹೊರಗೆ ಕಟ್ಟಿದ ಬಲ ಎನ್ನಬೇಕು. 1994ರಲ್ಲಿ ಹಣವಿಲ್ಲದೆ ಕೈಚೆಲ್ಲಿದ್ದ ವಿನ್ಯಾಸಕ ಜಾನ್ ಗಲಿಯಾನೋಗೆ ಬಂಡವಾಳಗಾರರನ್ನು ಹುಡುಕಿಕೊಡಲು ನೆರವಾದರು. ಪ್ಯಾರಿಸ್ಸಿನ ಖಾಲಿ ಬಂಗಲೆಯೊಂದರಲ್ಲಿ ಆತನ ಪ್ರದರ್ಶನ ನಡೆಯಿತು. ಎರಡೇ ವರ್ಷಗಳಲ್ಲಿ ಆತ ಡಿಯೋರ್ ಸಂಸ್ಥೆಯ ಮುಖ್ಯ ವಿನ್ಯಾಸಕ. ನ್ಯೂಯಾರ್ಕಿನ ಮೇಲೆ 2001ರಲ್ಲಿ ನಡೆದ ದಾಳಿಯ ನಂತರ ಕಂಗೆಟ್ಟ ಕಿರಿಯ ವಿನ್ಯಾಸಕರಿಗಾಗಿ 2003ರಲ್ಲಿ ನಿಧಿ ಸ್ಥಾಪನೆಯಾಯಿತು. ಯಾವ ವಿನ್ಯಾಸಕ ಯಾವ ಮನೆಗೆ ಎಂಬ ಸಂಬಂಧ ಕುದುರಿಸುವ ಹಿರಿಯಕ್ಕ ಆಗಿಬಿಟ್ಟರು.

ಎಲ್ಲಕ್ಕಿಂತ ದೊಡ್ಡದು ಮೆಟ್ ಗಾಲಾ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಉಡುಪು ವಿಭಾಗ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಅದಕ್ಕಾಗಿ 1948ರಲ್ಲಿ ಪ್ರಚಾರತಜ್ಞೆ ಎಲೆನಾರ್ ಲ್ಯಾಂಬರ್ಟ್ ಶುರು ಮಾಡಿದ ಔತಣಕ್ಕೆ ಆಗ 50 ಡಾಲರ್ ಟಿಕೆಟ್. ‘ವೋಗ್’ನಿಂದ ಹೊರಬಿದ್ದ ವ್ರೀಲ್ಯಾಂಡ್ ಸೇರಿದ್ದು ಇದೇ ವಿಭಾಗವನ್ನು. 1973ರಿಂದ ಅವರು ಏರ್ಪಡಿಸಿದ ಅದ್ದೂರಿ ವಸ್ತ್ರ ಪ್ರದರ್ಶನಗಳೇ ಆ ಔತಣಕ್ಕೆ ತಾರೆಯರನ್ನು ಎಳೆತಂದವು. ಕೆಲಸ ಕಳೆದುಕೊಂಡವರು ಕಟ್ಟಿದ ವೇದಿಕೆಯನ್ನು 1995ರಲ್ಲಿ ಮೊದಲ ಸಲ ಏರಿದ ವಿಂಟೂರ್ 1999ರ ನಂತರ ಬಿಟ್ಟುಕೊಡಲೇ ಇಲ್ಲ. ಯಾರಿಗೆ ಆಹ್ವಾನ ಎಂಬುದು ಅವರ ತೀರ್ಮಾನ. 2025ರ ಮೇ ತಿಂಗಳ ಒಂದು ರಾತ್ರಿ 3.1 ಕೋಟಿ ಡಾಲರ್ ಕೂಡಿಬಂತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2017ರಿಂದ ಮೂರು ವರ್ಷ ಆ ಮೆಟ್ಟಿಲು ಹತ್ತಿದಾಗ ಕನ್ನಡ ಪತ್ರಿಕೆಗಳೂ ಚಿತ್ರ ಹಾಕಿದವು. ಉಡುಪು ವಿಭಾಗದ ಕೇಂದ್ರಕ್ಕೆ 2014ರಿಂದ ಇರುವ ಹೆಸರು ವಿಂಟೂರ್ ಅವರದು, ವ್ರೀಲ್ಯಾಂಡ್ ಅವರದಲ್ಲ.

ತಪ್ಪುಗಳಿಗೆ ಕೊರತೆಯಿರಲಿಲ್ಲ. ತುಪ್ಪಳದ ಉಡುಪಿಗೆ ಕೊಟ್ಟ ಪ್ರೋತ್ಸಾಹಕ್ಕೆ ಸಿಟ್ಟಾದವರೊಬ್ಬರು ಹೋಟೆಲಿನಲ್ಲಿ ಅವರ ತಟ್ಟೆಗೆ ಸತ್ತ ಪ್ರಾಣಿಯನ್ನು ಎಸೆದರು. ಅದು ಪ್ರಹಸನ. 2011ರಲ್ಲಿ ಸಿರಿಯಾದ ಸರ್ವಾಧಿಕಾರಿಯ ಪತ್ನಿ ಅಸ್ಮಾ ಅಲ್-ಅಸಾದ್ ಅವರನ್ನು ಹೊಗಳಿ ಬಂದ ಲೇಖನ ಪ್ರಹಸನವಲ್ಲ. ಆ ಹೊತ್ತಿಗೇ ಅಲ್ಲಿ ದಂಗೆ, ಗುಂಡು ಶುರುವಾಗಿ, ಲೇಖನವನ್ನು ಜಾಲತಾಣದಿಂದ ತೆಗೆಯಬೇಕಾಯಿತು. ವರ್ಣಭೇದದ ಪ್ರಶ್ನೆ ಇನ್ನೂ ಆಳದ್ದು. ಕಪ್ಪುವರ್ಣೀಯ ಛಾಯಾಗ್ರಾಹಕನೊಬ್ಬ ಮುಖಪುಟದ ಚಿತ್ರ ತೆಗೆಯಲು ಪತ್ರಿಕೆ 126 ವರ್ಷ ತೆಗೆದುಕೊಂಡಿತು. 2018ರ ಸೆಪ್ಟೆಂಬರ್ ಸಂಚಿಕೆಗೆ ಬಿಯೋನ್ಸೆಯ ಚಿತ್ರ ತೆಗೆದ ಟೈಲರ್ ಮಿಚೆಲ್‌ಗೆ ಆಗ 23 ವರ್ಷ. ಆ 126ರಲ್ಲಿ 30 ವಿಂಟೂರ್ ಅವರವು. 2020ರ ಜೂನ್‌ನಲ್ಲಿ ಅವರು ಸಿಬ್ಬಂದಿಗೆ ಪತ್ರ ಬರೆದು, ಕಪ್ಪುವರ್ಣೀಯರಿಗೆ ಸಾಕಷ್ಟು ಜಾಗ ಕೊಡಲಿಲ್ಲ ಎಂದು ಹೊಣೆ ಹೊತ್ತರು. ಬೇರೆ ಸಂಪಾದಕರು ಆ ಬೇಸಿಗೆಯಲ್ಲಿ ಹುದ್ದೆ ಕಳೆದುಕೊಂಡರು. ವಿಂಟೂರ್‌ಗೆ ಆ ಡಿಸೆಂಬರ್‌ನಲ್ಲಿ ಬಡ್ತಿ ಸಿಕ್ಕಿತು.

ಅದು ಹೇಗೆ? ಉತ್ತರ 2013ರಲ್ಲಿದೆ. ಆ ವರ್ಷ ಅವರು ಇಡೀ ಕಂಪನಿಯ ಕಲಾ ನಿರ್ದೇಶಕಿಯಾದರು. ಅಂದರೆ ಸಂಪಾದಕಿಯರನ್ನು ತರುವ, ಕಳಿಸುವ, ಲಿಬರ್‌ಮನ್ ಕುಳಿತಿದ್ದ ಜಾಗ. ವ್ರೀಲ್ಯಾಂಡ್ ಮತ್ತು ಮಿರಬೆಲ್ಲಾ ಇಬ್ಬರೂ ಒಳ್ಳೆಯ ಸಂಪಾದಕಿಯರಾಗಲು ಹೆಣಗಿದರು. ವಿಂಟೂರ್ ಆಡಳಿತವೇ ಆದರು. 2017ರಲ್ಲಿ ಸೈ ನ್ಯೂಹೌಸ್ ತೀರಿಕೊಂಡಾಗ ಕಂಪನಿಯ ನಷ್ಟ ಆ ವರ್ಷವೊಂದರಲ್ಲೇ 12 ಕೋಟಿ ಡಾಲರ್ ಮೀರಿತ್ತೆಂದು ವರದಿಯಾಯಿತು. ಜಾಹೀರಾತು ಮೊಬೈಲಿಗೆ ಹೋಗಿತ್ತು. ಖರ್ಚು ಇಳಿಸಲು ದೇಶದೇಶಗಳ ಆವೃತ್ತಿಗಳನ್ನು ಒಂದೇ ಸೂತ್ರಕ್ಕೆ ಕಟ್ಟಿದರು; ಒಂದು ಕಡೆ ತೆಗೆದ ಚಿತ್ರ ಹತ್ತು ಕಡೆ ಅಚ್ಚಾಗತೊಡಗಿತು. ಸ್ವತಂತ್ರ ಸಂಪಾದಕಿಯರು ಒಬ್ಬೊಬ್ಬರಾಗಿ ಹೊರನಡೆದರು. ಭಾರತದಲ್ಲಿ 2007ರಲ್ಲಿ ಆವೃತ್ತಿ ಆರಂಭವಾದಾಗಿನಿಂದ ಇದ್ದ ಪ್ರಿಯಾ ತನ್ನಾ 2021ರಲ್ಲಿ ನಿರ್ಗಮಿಸಿದರು. ಬಂದ ಮೇಘಾ ಕಪೂರ್ ಅವರದು ಮುಖ್ಯಸ್ಥೆಯ ಹುದ್ದೆ. ಲಂಡನ್ನಿನಲ್ಲಿ ಎಡ್ವರ್ಡ್ ಎನ್ನಿನ್‌ಫುಲ್ ಜಾಗಕ್ಕೆ ಚಿಯೋಮಾ ನಾಡಿ ಬಂದಾಗಲೂ ಹಾಗೆಯೇ. ನ್ಯೂಯಾರ್ಕಿನ ಸರದಿ ಕೊನೆಗೆ ಬಂತು ಅಷ್ಟೇ.

ಕ್ಲೋಯಿ ಮ್ಯಾಲ್ ಫ್ರೆಂಚ್ ಚಿತ್ರನಿರ್ದೇಶಕ ಲೂಯಿ ಮ್ಯಾಲ್ ಮತ್ತು ನಟಿ ಕ್ಯಾಂಡಿಸ್ ಬರ್ಗನ್ ಅವರ ಮಗಳು. 2011ರಿಂದ ‘ವೋಗ್’ನಲ್ಲಿದ್ದು, ಜಾಲತಾಣವನ್ನು ನಡೆಸಿ ಮೇಲೆ ಬಂದವರು. ಮುದ್ರಿತ ಸಂಚಿಕೆಗಳ ಸಂಖ್ಯೆ ಕಡಿಮೆ ಮಾಡಿ, ಒಳ್ಳೆಯ ಕಾಗದದಲ್ಲಿ, ಎತ್ತಿಡುವಂತೆ ತರುವ ಇರಾದೆಯನ್ನು ಅವರು ಬಂದ ಹೊಸದರಲ್ಲೇ ಹೇಳಿದ್ದಾರೆ. ಟರ್ನ್ಯೂರ್ ವಾರಕ್ಕೊಮ್ಮೆ ತಂದದ್ದನ್ನು ನಾಸ್ಟ್ ಹದಿನೈದು ದಿನಕ್ಕೊಮ್ಮೆ ಮಾಡಿದ, ಮಿರಬೆಲ್ಲಾ ಕಾಲದಲ್ಲಿ ತಿಂಗಳಿಗೊಮ್ಮೆ ಆಯಿತು. ಇನ್ನು ಮುಂದೆ ಅಷ್ಟೂ ಇರುವುದಿಲ್ಲ.