ಅರ್ಧ ಮಾತ್ರೆ ತಾನೇ ಕೊಟ್ಟಿದ್ದು ಡಾಕ್ಟ್ರೇ!

ಮಳೆ ಹಿಡೀತು ಅಂದ್ರೆ ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯಿಂದ ಒಂದೇ ಥರದ ಫೋನು. ವಯಸ್ಸಾದ ಲ್ಯಾಬ್ರಡಾರ್, ಮೊದಲು ಹಿಂಗಾಲು ಎಳೀತಿತ್ತು, ಈಗ ಊಟ ಬಿಟ್ಟಿದೆ, ವಾಂತಿ ಬೇರೆ. ಏನಾದ್ರೂ ಮಾತ್ರೆ ಕೊಟ್ರಾ ಅಂದ್ರೆ "ಏನೂ ಇಲ್ಲ ಡಾಕ್ಟ್ರೇ". ಹಿಂದಿನಿಂದ ಮನೆಯವರ ದನಿ, "ನಿಮ್ಮ ಮಂಡಿನೋವಿಂದು ಕೊಟ್ರಲ್ಲ, ಹೇಳಿ!"

ಹೀಗೇ ಸಿಕ್ಕಿಬಿದ್ದ ಒಬ್ರು ತೋಟದ ಯಜಮಾನ್ರು, ಪಾಪ, ನ್ಯಾಪ್ರಾಕ್ಸೆನ್ ಅನ್ನೋ ನೋವಿನ ಮಾತ್ರೆನ ಕಡುಂಬುಟ್ಟಿನೊಳಗೆ (ಅಕ್ಕಿತರಿ ಕಡುಬು) ಒತ್ತಿ ದಿನಾ ಕೈಯಾರೆ ತಿನ್ನಿಸಿದ್ರು. ಅವರ ಲೆಕ್ಕ: ನಾನು 60 ಕೆಜಿ, ಅದು 30, ಹಾಗಾಗಿ ಅರ್ಧ. ಗಣಿತ ಸರಿಯಾಗೇ ಇದೆ ಸ್ವಾಮಿ, ಆದ್ರೆ ತೂಕ ನೋಡಿ ಗೊತ್ತಾಗೋದು ಎಷ್ಟು ಒಳಗೆ ಹೋಯ್ತು ಅಂತ ಮಾತ್ರ, ಎಷ್ಟು ದಿನ ಒಳಗೇ ಕೂರತ್ತೆ ಅನ್ನೋದು ಲಿವರ್ ಮತ್ತೆ ಕರುಳಿನ ಕೈಲಿರತ್ತೆ. ಮನುಷ್ಯರ ರಕ್ತದಲ್ಲಿ ನ್ಯಾಪ್ರಾಕ್ಸೆನ್ ಅರ್ಧಕ್ಕೆ ಇಳಿಯೋಕೆ 12ರಿಂದ 17 ಗಂಟೆ, ನಾಯಿಯಲ್ಲಿ ಸುಮಾರು 74 ಗಂಟೆ, ಅಂದ್ರೆ ಮೂರು ದಿನ! ನಾಯಿಯಲ್ಲಿ ಅದು ಪಿತ್ತದ ಜೊತೆ ಕರುಳಿಗೆ ಹೋಗತ್ತೆ, ಅಲ್ಲಿಂದ ಹೊರಗೆ ಹೋಗೋ ಬದಲು ಮತ್ತೆ ರಕ್ತಕ್ಕೇ ಸೇರ್ಕೊಳತ್ತೆ. ಮೊದಲನೇ ದಿನದ್ದೇ ಅರ್ಧ ಆಗಿಲ್ಲ, ಅದರ ಮೇಲೆ ಎರಡನೇದು, ಮೂರನೇದು. ಇನ್ನೂ ಒಂದ್ಸಲ ಹೇಳ್ತೀನಿ, ಅರ್ಧರ್ಧ ಕೊಟ್ರೂ ಅದು ಒಳಗೆ ಗುಡ್ಡೆ ಬೀಳ್ತಾನೇ ಇರತ್ತೆ. ಆಮೇಲೆ ಹೊಟ್ಟೆಯಲ್ಲಿ ಹುಣ್ಣು, ಡಾಂಬರಿನ ಥರ ಕಪ್ಪು ಮಲ, ವಾಂತಿಯಾಗಿ ನೀರಿನಂಶ ಕಮ್ಮಿಯಾಗಿದ್ರೆ ಕಿಡ್ನಿಗೂ ಪೆಟ್ಟು.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಅನ್ನೋ ನೋವಿನ ಮಾತ್ರೆಗಳದೂ ಇದೇ ಹಣೆಬರಹ, ಗಂಟೆ ಲೆಕ್ಕ ಬೇರೆ ಇರಬಹುದು, ಹುಣ್ಣು ಅದೇ. ಪ್ಯಾರಾಸಿಟಮಾಲ್ ಕೆಲವು ನಾಯಿಗಳಿಗೆ ನಾವೇ ಬರೆಯೋದುಂಟು, ಆದ್ರೆ ಲಿವರ್ ನೋಡ್ಕೊಂಡು. ಬೆಕ್ಕಿಗಂತೂ ಕೊಡಲೇಬೇಡಿ, ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. "ಮೆಲಾಕ್ಸಿಕಾಮ್ ನಾಯಿಗೂ ಕೊಡ್ತಾರಂತಲ್ಲ, ನಮ್ಮನೇಲಿ ಅದೇ ಇದೆ" ಅನ್ನೋರೂ ಇದ್ದಾರೆ. ಕೊಡ್ತೀವಿ, ನಿಜ, ಆದ್ರೆ ನಿಮ್ಮ 15 ಮಿಲಿಗ್ರಾಂ ಮಾತ್ರೆ ಮನೆಯ ಸಣ್ಣ ಪೊಮೆರೇನಿಯನ್‌ಗೆ ಹತ್ತು ಪಟ್ಟಿಗಿಂತ ಜಾಸ್ತಿ ಆಗ್ಬಿಡತ್ತೆ. ಸರಿಯಾದ ಡೋಸ್ ಎಷ್ಟು ಅಂತ ಇಲ್ಲಿ ಬರೆಯಲ್ಲ, ಬರೆದ್ರೆ ನಾಳೆ ಅದನ್ನೂ ಅರ್ಧ ಮಾಡಿ ಕೊಡ್ತೀರ.

ಕೊಟ್ಟಾಗಿದ್ರೆ ದಯವಿಟ್ಟು ಮುಚ್ಚಿಡಬೇಡಿ, ಬೈಯಲ್ಲ (ಸ್ವಲ್ಪ ಬೈತೀನಿ). ಒಳಗೆ ಒಂದು ನೋವಿನ ಔಷಧಿ ಕೂತಿರೋವಾಗ ನಾನು ಗೊತ್ತಿಲ್ದೆ ಇನ್ನೊಂದು ಚುಚ್ಚಿದ್ರೆ, ಅದರಲ್ಲೂ ಸ್ಟೀರಾಯ್ಡ್ ಆದ್ರೆ, ಹೊಟ್ಟೆಯಲ್ಲಿ ತೂತೇ ಬೀಳಬಹುದು. ಬರೋವಾಗ ಆ ಸ್ಟ್ರಿಪ್ ಜೇಬಲ್ಲಿ ಹಾಕ್ಕೊಂಡು ಬನ್ನಿ. ಹೆಸರು, ಮಿಲಿಗ್ರಾಂ ಇರೋ ತುದಿ ಹರಿದು ಬಿಸಾಕಿರ್ತೀರ, ಅದನ್ನೂ ಹುಡುಕಿ.